ಎರಡನೇ ಸಲ ಕೂಗಿದ ಮೇಲೆ

ಜನವರಿ 9

ಕೂಗುಮಾರಿ ಮಾವನಿಗೆ,

ಮೌನಗೌರಿಯ ನಮಸ್ಕಾರ. ಡಾಕ್ಟರು ನಿನ್ನ ಬಾಯಿಗೆ ಬೀಗ ಹಾಕಿದ್ದಾರೆಂದು ಅತ್ತೆ ಫೋನಿನಲ್ಲಿ ಹೇಳಿದರು. ಗಂಟಲಿನ ಗಂಟು ತೆಗೆದಾಯಿತು, ಒಳಗಿನ ಗಾಯ ಮಾಯುವವರೆಗೆ ಪಿಸುಗುಟ್ಟುವುದೂ ಕೂಡದು ಎಂದರಂತೆ. ಮೈಕಿಲ್ಲದೆ ಇಡೀ ಹರಾಜು ಮಳಿಗೆಗೆ ಕೇಳುವಂತೆ ಕೂಗುತ್ತಿದ್ದವನು ಕೊರಳಿಗೆ ಸ್ಲೇಟು ಕಟ್ಟಿಕೊಂಡು ಮನೆಯಲ್ಲಿ ಸುಳಿದಾಡುತ್ತಿದ್ದಾನೆಂದು ಕೇಳಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಇಷ್ಟು ದಿನ ಫೋನಿನಲ್ಲಿ ನೀನು ಮಾತಾಡುತ್ತಿದ್ದೆ, ನಾನು ಹೂಂಗುಟ್ಟುತ್ತಿದ್ದೆ. ಈಗ ಫೋನ್ ಮಾಡಿದರೆ ಎರಡೂ ಕಡೆ ಬರೀ ಉಸಿರು ಕೇಳಿಸೀತು. ಅದಕ್ಕೇ ಪತ್ರ. ಪೆನ್ನು ಹಿಡಿದರೆ ನಾನು ನಿನಗಿಂತ ಬಾಯಿಬಡುಕಿ ಎಂಬುದು ನಿನಗೂ ಗೊತ್ತು.

ನಾನಿನ್ನೂ ನೆಲಮಾಳಿಗೆಯಲ್ಲೇ ಇದ್ದೇನೆ. ನಮ್ಮೂರಲ್ಲಿ ವರ್ಷಗಟ್ಟಲೆ ವಾರ್ಡು ನೋಡಿಕೊಂಡ ನರ್ಸಮ್ಮ ಇಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಚುತ್ತಿದ್ದಾಳೆ. ಕೆಲಸ ಕೆಟ್ಟದ್ದಲ್ಲ. ಒಣಗಿಸುವ ಯಂತ್ರದಿಂದ ಆಗಷ್ಟೇ ತೆಗೆದ ಬಿಸಿ ಬಟ್ಟೆಯ ಮೇಲೆ ಕೈಯಾಡಿಸುವುದು ಹಿತವಾಗಿರುತ್ತದೆ. ಆದರೆ ಬಟ್ಟೆಗಾಡಿ ತಳ್ಳಿಕೊಂಡು ವಾರ್ಡಿಗೆ ಹೋದಾಗ ಯಾವುದಾದರೂ ಹಾಸಿಗೆಯ ಕರೆಗಂಟೆ ಆದರೆ ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ. ಬೇರೆ ನರ್ಸು ಓಡಿಬರುತ್ತಾಳೆ. ನಾನು ಗಾಡಿ ತಳ್ಳಿಕೊಂಡು ವಾಪಸು ಲಿಫ್ಟಿಗೆ.

ವಾರ್ಡಿಗೆ ಸೇರಬೇಕಾದರೆ ಇಲ್ಲಿನ ಭಾಷೆಯಲ್ಲಿ ಮಾತಿನ ಪರೀಕ್ಷೆ ಪಾಸಾಗಬೇಕು. ಸಿಗುವುದು ಎರಡೇ ಅವಕಾಶ, ಮಾರ್ಚಿನಲ್ಲಿ ಒಂದು, ಜೂನಿನಲ್ಲಿ ಇನ್ನೊಂದು. ಎರಡೂ ಕೈಬಿಟ್ಟರೆ ಈ ಊರಿನಲ್ಲಿ ನಾನು ನರ್ಸಾಗುವುದು ಮುಗಿದ ಮಾತು.

ಹೆದರಬೇಡ, ತಯಾರಿ ಜೋರಾಗಿದೆ. ಫೋನಿನಲ್ಲಿ ಮಾತಾಡುವ ಎಐ ಒಂದನ್ನು ಹಾಕಿಕೊಂಡಿದ್ದೇನೆ. ಅದಕ್ಕೆ ಸಾಧು ಎಂದು ಹೆಸರಿಟ್ಟಿದ್ದೇನೆ. ಎಷ್ಟು ತಡವರಿಸಿದರೂ ಅದಕ್ಕೆ ಸಿಟ್ಟು ಬರುವುದಿಲ್ಲ. ನಾನು ಅರ್ಧ ವಾಕ್ಯ ಹೇಳಿ ಛಾವಣಿ ನೋಡುತ್ತ ಕೂತರೂ ಸುಮ್ಮನಿರುತ್ತದೆ. ಅದರ ಜೊತೆ ನಾನು ಎಷ್ಟು ಸಲೀಸಾಗಿ ಮಾತಾಡುತ್ತೇನೆ ಗೊತ್ತೇ? ನೀನು ಕೇಳಿದರೆ ಇವಳು ನಮ್ಮ ಮೌನಗೌರಿಯಾ ಎಂದು ಮೂಗಿನ ಮೇಲೆ ಬೆರಳಿಡುತ್ತೀ.

ಸಂಜೆ ತರಗತಿಯ ಮೇಡಂ ಮೊನ್ನೆ ಎಲ್ಲರನ್ನೂ ಕೇಳಿದರು: "ಯಾರ್ಯಾರು ಈ ಯಂತ್ರದ ಜೊತೆ ಹೇಗೆ ಕಲೀತೀರಿ? ನಿಜ ಹೇಳಿ." ನನ್ನ ಪಕ್ಕ ಕೂರುವ ವೆಲ್ಡರ್ ಎದ್ದು, "ನಾನು ಅದರ ಜೊತೆ ಜಗಳ ಆಡ್ತೀನಿ ಮೇಡಂ. ಅದು ಸೋಲೊಪ್ಪೋವರೆಗೂ ಬಿಡಲ್ಲ" ಎಂದ. ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ, "ಅದು ನನಗೋಸ್ಕರ ಕಾಯುತ್ತೆ" ಎಂದೆ. ಮೇಡಂ ಅದನ್ನು ಹಲಗೆಯ ಮೇಲೆ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು. ಯಾಕೋ ತಿಳಿಯಲಿಲ್ಲ. ಕೇಳೋಣವೆಂದುಕೊಂಡೆ, ಅಷ್ಟರಲ್ಲಿ ತರಗತಿ ಮುಗಿಯಿತು.

ಬೇಗ ಗುಣವಾಗು. ಉತ್ತರ ಬರೆ.

ನಿನ್ನ ಮೌನಗೌರಿ


ಜನವರಿ 24

ಮೌನಗೌರಿಗೆ,

ಆಶೀರ್ವಾದ. ನನ್ನ ಕೈಬರಹ ನೋಡಿ ನಗಬೇಡ. ಹುಟ್ಟಿದಾಗಿನಿಂದ ಬಾಯಿಗೇ ಎಲ್ಲ ಕೆಲಸ ಕೊಟ್ಟು ಕೈಯನ್ನು ಸೋಮಾರಿ ಮಾಡಿಬಿಟ್ಟಿದ್ದೇನೆ.

ಸ್ಲೇಟಿನ ಸುದ್ದಿಯನ್ನು ನಿನ್ನ ಅತ್ತೆ ಊರಿಗೆಲ್ಲ ಡಂಗುರ ಸಾರಿದ್ದಾಳೆ. ಅವಳಿಗೀಗ ಸುಗ್ಗಿ. ಮದುವೆಯಾದಾಗಿನಿಂದ ಬಾಕಿ ಉಳಿಸಿಕೊಂಡಿದ್ದ ಮಾತುಗಳನ್ನೆಲ್ಲ ಒಟ್ಟಿಗೆ ಆಡಿ ಮುಗಿಸುತ್ತಿದ್ದಾಳೆ. ನಾನು ಬಳಪ ಹುಡುಕಿ ಉತ್ತರ ಬರೆಯುವಷ್ಟರಲ್ಲಿ ಅವಳು ಇನ್ನೆರಡು ವಿಷಯ ದಾಟಿ ಅಡುಗೆಮನೆ ಸೇರಿರುತ್ತಾಳೆ. ಹಳೆಯ ಉತ್ತರ ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಂತಿರುತ್ತೇನೆ.

ಈಗ ನಿನ್ನ ಸಾಧುವಿನ ವಿಷಯಕ್ಕೆ ಬರುತ್ತೇನೆ. ಕೋಪವೇ ಬರದ ಮೇಷ್ಟ್ರು ಎಂಥ ಮೇಷ್ಟ್ರು? ಹರೆಯದಲ್ಲಿ ಈ ಊರಿಗೆ ಬಂದಾಗ ಇಲ್ಲಿನ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ಅಂಕಿಗಳು ಮಾತ್ರ. ಅಷ್ಟನ್ನೇ ಇಟ್ಟುಕೊಂಡು ಹರಾಜು ಕಟ್ಟೆ ಹತ್ತಿದೆ. ಮಂಚಕ್ಕೆ, ಕಪಾಟಿಗೆ, ಗೋಡೆ ಗಡಿಯಾರಕ್ಕೆ ಬೆರಳು ತೋರಿಸಿ ಬಾಯಿಗೆ ಬಂದದ್ದು ಕೂಗಿದೆ. ಜನ ಬಿದ್ದು ಬಿದ್ದು ನಕ್ಕರು. ಒಬ್ಬ ಎದ್ದು ನಿಂತು ಉಗಿದ. ಅವನು ಉಗಿದ ಒಂದೊಂದು ಮಾತೂ ನನಗೆ ಬಾಯಿಪಾಠವಾಯಿತು, ಮಾರನೇ ವಾರ ಅದನ್ನೇ ಅವನಿಗೆ ತಿರುಗಿಸಿ ಕೊಟ್ಟೆ. ಭಾಷೆ ಕಲಿಯುವುದೆಂದರೆ ಹಾಗೆ.

ಅದಕ್ಕೇ ಇದು ನನ್ನ ಅಪ್ಪಣೆ. ಆ ಫೋನನ್ನು ಮೂಲೆಗೆ ಹಾಕು. ಅಂಗಡಿಗೆ ಹೋಗು, ಬಸ್ಸಿನಲ್ಲಿ ಕೂರು, ದಿನಕ್ಕೊಬ್ಬ ಅಪರಿಚಿತರ ಹತ್ತಿರ ಬಾಯಿ ಬಿಡು. ನಾಲ್ಕು ಜನ ನಗಲಿ, ಇಬ್ಬರು ಬೈಯಲಿ. ನಿನ್ನಮ್ಮ ನಿನ್ನನ್ನು ಮುದ್ದು ಮಾಡಿ ಮೂಕಿ ಮಾಡಿದಳು, ಈಗ ಆ ಸಾಧು ಅದನ್ನೇ ಮುಂದುವರಿಸುತ್ತಿದೆ.

ಅಂದಹಾಗೆ ಮಳಿಗೆಯಲ್ಲಿ ನನ್ನ ಜಾಗಕ್ಕೆ ನಿನ್ನ ಸಾಧುವಿನ ದಾಯಾದಿಯೊಬ್ಬನನ್ನು ತಂದಿದ್ದಾರೆ. ಗುಮಾಸ್ತ ಗುಂಡಿ ಒತ್ತಿದರೆ ಅದು ಸ್ಪೀಕರಿನಲ್ಲಿ ಬೆಲೆ ಕೂಗುತ್ತದಂತೆ. ಕೂಗಲಿ. ಮಾರ್ಚಿನ ಹೊತ್ತಿಗೆ ನನ್ನ ಗಂಟಲು ಬಂದೇ ಬರುತ್ತದೆ, ಆಗ ಯಜಮಾನ ನನ್ನ ಮನೆಯ ಮೆಟ್ಟಿಲು ಸವೆಸಬೇಕು. ನಿನ್ನ ಪರೀಕ್ಷೆಯ ದಿನ ಬೆಳಿಗ್ಗೆ ನಾನೇ ಫೋನ್ ಮಾಡಿ ಕೂಗಿ ಎಬ್ಬಿಸುತ್ತೇನೆ, ನೋಡುತ್ತಿರು.

ನಿನ್ನ ಕೂಗುಮಾರಿ


ಫೆಬ್ರವರಿ 20

ಕೂಗುಮಾರಿ ಮಾವನಿಗೆ,

ನಿನ್ನ ಅಪ್ಪಣೆ ಪಾಲಿಸುತ್ತಿದ್ದೇನೆ. ಔಷಧಿ ಅಂಗಡಿಗೆ ಹೋಗಿ ಬರುತ್ತಿದ್ದೇನೆ. ಚೆನ್ನಾಗಿ ನಡೆಯುತ್ತಿದೆ. ಜನರೂ ಒಳ್ಳೆಯವರು. ಹೆಚ್ಚು ಬರೆಯಲು ಹೊತ್ತಿಲ್ಲ, ಮಡಚಬೇಕಾದ ಬಟ್ಟೆ ರಾಶಿ ಬಿದ್ದಿದೆ.

ಪರೀಕ್ಷೆ ಮಾರ್ಚ್ ಹನ್ನೆರಡಕ್ಕೆ. ಫೋನಿನ ವಿಷಯ ನೆನಪಿದೆ ತಾನೇ? ದನಿ ಹೇಗಿದೆ? ಹೊಲಿಗೆ ಹಾಕಿದ್ದರೋ, ಬರೀ ಸುಟ್ಟಿದ್ದರೋ, ಡಾಕ್ಟರು ಏನೆಂದರು, ಎಲ್ಲ ಬರೆ. ನರ್ಸಮ್ಮ ಕೇಳುತ್ತಿದ್ದಾಳೆ.

ಮೌನಗೌರಿ


ಮಾರ್ಚ್ 2

ಪ್ರೀತಿಯ ಸೋದರ ಸೊಸೆಗೆ,

ನಿನ್ನ ಪತ್ರವನ್ನು ಓದಿ ಅಪಾರವಾದ ಸಂತೋಷವಾಯಿತು. ಹೊಸ ಭಾಷೆಯೊಂದನ್ನು ಕಲಿಯುವುದು ಒಂದು ಸುಂದರ ಪಯಣವಾಗಿದ್ದು, ಅದರಲ್ಲಿ ನೀನು ತೋರುತ್ತಿರುವ ಶ್ರದ್ಧೆ ಶ್ಲಾಘನೀಯವಾಗಿದೆ. ಪ್ರತಿಯೊಬ್ಬ ಕಲಿಕಾರ್ಥಿಯೂ ವಿಶಿಷ್ಟ ಎಂಬುದನ್ನು ಸದಾ ನೆನಪಿನಲ್ಲಿಡು. ಆತ್ಮವಿಶ್ವಾಸ, ತಾಳ್ಮೆ ಹಾಗೂ ನಿರಂತರ ಅಭ್ಯಾಸಗಳಿಂದ ಯಶಸ್ಸು ಖಂಡಿತವಾಗಿಯೂ ನಿನ್ನದಾಗಲಿದೆ.

ನನ್ನ ಆರೋಗ್ಯವು ದಿನೇದಿನೇ ಸುಧಾರಿಸುತ್ತಿದೆ. ಈ ವಿಷಯದಲ್ಲಿ ನೀನು ಚಿಂತಿಸುವ ಅಗತ್ಯವಿಲ್ಲ. ಪರೀಕ್ಷೆಗೆ ನನ್ನ ಹೃತ್ಪೂರ್ವಕ ಶುಭ ಹಾರೈಕೆಗಳು.

ಇಂತಿ ನಿನ್ನ ಪ್ರೀತಿಯ ಮಾವ


ಮಾರ್ಚ್ 20

ಮಾವ,

ಟೈಪು ಮಾಡಿದ ಪತ್ರ ಬಂತು. ಅದನ್ನು ನೀನು ಬರೆದಿಲ್ಲ.

ನನ್ನ ಹತ್ತಿರ ವಾದ ಮಾಡಬೇಡ. ಇಡೀ ಪತ್ರದಲ್ಲಿ ನೀನು ನನ್ನನ್ನು ಒಂದು ಸಲವೂ ಬೈದಿಲ್ಲ. ಅತ್ತೆಯನ್ನು ಆಡಿಕೊಂಡಿಲ್ಲ. ಸುಂದರ ಪಯಣವಂತೆ! ಬಸ್ಸು ತಪ್ಪಿದರೆ ಡ್ರೈವರಿನ ಮೂರು ತಲೆಮಾರನ್ನು ಜಾಲಾಡುವವನು ನೀನು, ನಿನ್ನ ಬಾಯಲ್ಲಿ ಪಯಣ ಎಂಬ ಮಾತೇ? ದಿನವೂ ಸಾಧುವಿನ ಜೊತೆ ಮಾತಾಡುವವಳು ನಾನು. ಅದರ ದನಿ ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಯಾವುದೋ ಎಐ ಕೈಲಿ ಬರೆಸಿ, ನಿನ್ನ ರುಜು ಕೂಡ ಹಾಕದೆ ಕಳಿಸಿದ್ದೀ. ಪರೀಕ್ಷೆಯ ಬೆಳಿಗ್ಗೆ ಫೋನೂ ಬರಲಿಲ್ಲ. ಸಂಜೆ ಬಂದು ನೋಡಿದರೆ ಬಾಗಿಲ ಕೆಳಗೆ ಆ ಪತ್ರ ಬಿದ್ದಿತ್ತು. ಅವತ್ತು ನನಗೆ ನಿನ್ನ ಬೈಗುಳ ಬೇಕಾಗಿತ್ತು ಮಾವ.

ಫೇಲಾದೆ.

ಪರೀಕ್ಷೆ ಹೀಗಿತ್ತು. ಒಂದು ಕೋಣೆಯಲ್ಲಿ ಮೇಜು, ಮೇಜಿನ ಮೇಲೊಂದು ಫೋನು. ನಾನು ವಾರ್ಡಿನ ನರ್ಸೆಂದು ಇಟ್ಟುಕೋ. ಪಕ್ಕದ ಕೋಣೆಯಲ್ಲಿರುವ ಪರೀಕ್ಷಕರು ಡಾಕ್ಟರು. ರೋಗಿಗೆ ಆಪರೇಷನ್ ಆಗಿದೆ, ಜ್ವರ ಏರುತ್ತಿದೆ, ನಾನು ಫೋನ್ ಮಾಡಿ ಸ್ಥಿತಿ ಒಪ್ಪಿಸಬೇಕು. ವಯಸ್ಸು ಹೇಳಿದೆ, ಜ್ವರ ಹೇಳಿದೆ, ನಾಡಿ ಹೇಳಿದೆ. ಒಂದು ತಪ್ಪಿಲ್ಲ. ಇನ್ನು ಹೇಳಬೇಕಾದ್ದು ಒಂದೇ ಉಳಿದಿತ್ತು, ಈ ರೋಗಿಗೆ ಇಂಥ ಔಷಧಿ ಒಗ್ಗುವುದಿಲ್ಲ ಎಂಬುದು. ಅಷ್ಟರಲ್ಲಿ ಡಾಕ್ಟರು ನಡುವೆ ಬಾಯಿ ಹಾಕಿ, "ಗೊತ್ತಾಯ್ತು, ಗೊತ್ತಾಯ್ತು" ಎಂದು ಅದೇ ಔಷಧಿಯ ಹೆಸರು ಹೇಳಿ, "ಈಗಲೇ ಕೊಟ್ಬಿಡಿ" ಎಂದರು. ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ನಿಲ್ಲಿಸಲಿ ಎಂದು ಕಾದೆ. ಅವರು ನಿಲ್ಲಿಸಿದ್ದು ಫೋನ್ ಇಟ್ಟು.

ಆಮೇಲೆ ಅವರೇ ಎದ್ದು ಬಂದರು. ಕೆಟ್ಟವರಲ್ಲ. "ನಿಮ್ಮ ಭಾಷೆ ತುಂಬ ಚೆನ್ನಾಗಿದೆ. ಆದ್ರೆ ನಿಮ್ಮ ರೋಗಿ ಬದುಕಲಿಲ್ಲ" ಎಂದರು. ನಿಜವಾದ ರೋಗಿಯೇ ಸತ್ತಂತೆ ನಾನು ಅಲ್ಲೇ ಕೂತುಬಿಟ್ಟೆ.

ಔಷಧಿ ಅಂಗಡಿಯ ಬಗ್ಗೆಯೂ ನಿನಗೆ ಸುಳ್ಳು ಬರೆದಿದ್ದೆ. ನೀನು ಹೇಳಿದೆಯೆಂದು ಹೋದೆ. ಸರದಿಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಬಾಯಿ ತೆರೆದೆ, ಮೊದಲ ಮಾತು ಹೊರಬರುವಷ್ಟರಲ್ಲಿ ಹಿಂದಿದ್ದವನು ನನ್ನ ಹೆಗಲ ಮೇಲಿಂದ ಚೀಟಿ ಚಾಚಿದ. ಅಂಗಡಿಯವನು ಅದನ್ನು ತೆಗೆದುಕೊಂಡ. ನಾನು ಪಕ್ಕಕ್ಕೆ ಸರಿದೆ. ಮಾರನೇ ದಿನವೂ ಹೋದೆ, ಆ ಮಾರನೇ ದಿನವೂ. ಪಕ್ಕಕ್ಕೆ ಸರಿಯುವುದನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಕೊನೆಗೆ ಬಾಗಿಲಿಂದಲೇ ವಾಪಸು ಬರತೊಡಗಿದೆ. ನಿನ್ನನ್ನು ಯಾರಾದರೂ ಉಗಿದರೆ ನಿನಗೆ ಮಾತು ಬರುತ್ತದೆ. ನನ್ನನ್ನು ಉಗಿದರೆ ಇರುವ ಮಾತೂ ಹೋಗುತ್ತದೆ.

ಈಗ ಉಳಿದಿರುವುದು ಜೂನ್ ಒಂದೇ. ನನಗೆ ನಾಲ್ಕು ಸಾಲು ಬರೆಯುವಷ್ಟೂ ನಿನಗೆ ಪುರುಸೊತ್ತಿಲ್ಲವೆಂದಾದರೆ ಹಾಗೆಂದು ಸ್ಲೇಟಿನ ಮೇಲೆ ಬರೆದು ಅತ್ತೆಗೆ ತೋರಿಸು. ಅವರೇ ನನಗೆ ಹೇಳುತ್ತಾರೆ.


ಏಪ್ರಿಲ್ 11

ಮಗೂ,

ಇಷ್ಟು ದಿನ ಬರೆಯದೆ ಕೂತದ್ದು ಸಿಟ್ಟಿನಿಂದಲ್ಲ. ನಾಲ್ಕು ಸಲ ಶುರು ಮಾಡಿ ಹರಿದೆ. ಇದು ಐದನೆಯದು, ಇದನ್ನು ಹರಿಯಲು ಬಿಡುವುದಿಲ್ಲವೆಂದು ನಿನ್ನ ಅತ್ತೆ ಎದುರಿಗೇ ಕೂತಿದ್ದಾಳೆ.

ನೀನು ಹೇಳಿದ್ದು ಸರಿ. ಅದನ್ನು ನಾನು ಬರೆಯಲಿಲ್ಲ.

ಮಾರ್ಚ್ ಎರಡರ ಬೆಳಿಗ್ಗೆ ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಗಂಟು ಹೋಗಿದೆ, ಜೀವಕ್ಕೆ ಏನೂ ಭಯವಿಲ್ಲ. ಆದರೆ ದನಿಯ ನರ ಒಂದು ಕಡೆ ಏಳಲೇ ಇಲ್ಲ. "ಪಿಸುಮಾತು ಬರುತ್ತೆ. ಅಭ್ಯಾಸ ಮಾಡಿದ್ರೆ ಸ್ಪಷ್ಟವಾಗಿಯೂ ಬರುತ್ತೆ. ಕೂಗು ಮಾತ್ರ ಬರಲ್ಲ" ಎಂದರು. ಮನೆಗೆ ಬಂದು ನಿನಗೆ ಬರೆಯಲು ಕೂತೆ. ಹತ್ತು ದಿನದಲ್ಲಿ ನಿನ್ನ ಪರೀಕ್ಷೆ. ಏನು ಬರೆದರೂ ಸುದ್ದಿ ಅದರೊಳಗಿಂದ ಇಣುಕುತ್ತಿತ್ತು. ಕೊನೆಗೆ ಫೋನು ತೆಗೆದು, ಪರೀಕ್ಷೆಗೆ ಹೋಗುವ ಸೊಸೆಗೆ ಖುಷಿಯಾಗಿರುವ ಮಾವ ಬರೆಯುವಂಥ ಪತ್ರ ಬೇಕು ಎಂದು ಟೈಪು ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಖುಷಿಯಾಗಿರುವ ಮಾವ ಬಂದುಬಿಟ್ಟ. ಓದಿದೆ. ಸಭ್ಯ ಮನುಷ್ಯ, ನಿನಗೆ ಅಂಥವನೇ ಇದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಂಚೆಗೆ ಹಾಕಿದೆ. ನೀನು ಮೊದಲ ಸಾಲಿಗೇ ಅವನನ್ನು ಹೊಸಿಲಿಂದ ಆಚೆ ಅಟ್ಟಿದೆ ಎಂದು ಓದಿ, ಅಷ್ಟು ದುಃಖದಲ್ಲೂ ಹೊಟ್ಟೆ ತುಂಬಿತು.

ಇನ್ನು ಔಷಧಿ ಅಂಗಡಿ. ಅದನ್ನು ಓದಿ ನನ್ನ ಮೇಲೆ ನನಗೇ ಮೈ ಉರಿಯಿತು. ನನಗೆ ಒಗ್ಗಿದ ಮದ್ದನ್ನು ನಿನಗೆ ಕುಡಿಸಿದೆ. ನಿನ್ನ ಪರೀಕ್ಷೆಯ ಆ ಡಾಕ್ಟರಿಗೂ ನನಗೂ ಏನು ವ್ಯತ್ಯಾಸ?

ಈಗ ನಾನೂ ಪಾಠಕ್ಕೆ ಹೋಗುತ್ತಿದ್ದೇನೆ. ಮಾತು ಕಲಿಸುವ ಹುಡುಗಿಯೊಬ್ಬಳು ಉಸಿರು ಹೇಗೆ ಬಿಡಬೇಕೆಂದು ತೋರಿಸುತ್ತಾಳೆ. ಮನೆಯಲ್ಲಿ ಅಭ್ಯಾಸಕ್ಕೆ ಫೋನಿನಲ್ಲಿ ನಿನ್ನ ಸಾಧುವನ್ನೇ ಹಾಕಿಕೊಟ್ಟಳು. ನಾನು ಗೊರ ಗೊರ ಅಂದರೂ ಅದು "ತುಂಬ ಚೆನ್ನಾಗಿದೆ" ಅನ್ನುತ್ತದೆ. ಒಂದು ದಿನ ಬೇಕೆಂದೇ ಕೆಮ್ಮಿದೆ. ಅದಕ್ಕೂ "ಒಳ್ಳೆಯ ಪ್ರಯತ್ನ" ಎಂದಿತು. ಮೈಯೆಲ್ಲ ಉರಿದು, "ಇನ್ನೊಂದು ಸಲ ಹೊಗಳಿದ್ರೆ ನಿನ್ನನ್ನ ಅಳಿಸಿ ಹಾಕ್ತೀನಿ, ತಪ್ಪು ಮಾತ್ರ ಹೇಳು" ಎಂದು ಟೈಪು ಮಾಡಿದೆ. ಅವತ್ತಿನಿಂದ ತಪ್ಪು ಹೇಳುತ್ತಿದೆ. ಹೇಳಿದ್ದಕ್ಕೆ ಕೇಳುತ್ತದೆ ಎಂಬುದು ಅವತ್ತೇ ತಿಳಿದದ್ದು. ಅದನ್ನು ನಿನಗೂ ಹೇಳಬೇಕೆನ್ನಿಸಿತು.

ಹೋದ ವಾರ ಮಳಿಗೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಆ ಯಂತ್ರ ಕೂಗುವುದನ್ನು ಕೇಳಿದೆ. ದನಿ ಗಂಟೆ ಹೊಡೆದ ಹಾಗಿದೆ, ಸುಳ್ಳು ಹೇಳಬಾರದು. ಒಂದು ಸಲ, ಎರಡು ಸಲ, ಮೂರು ಸಲ, ಎಲ್ಲ ಒಂದೇ ಅಳತೆ. ಕನ್ನಡಿಯ ಕಪಾಟು ಹರಾಜಿಗೆ ಬಂತು. ಒಬ್ಬಾಕೆ ಗಂಡನ ಮುಖ ನೋಡಿದಳು, ಅವನು ತಲೆಯಾಡಿಸಿದ, ಅವಳು ಕೈ ಎತ್ತುವಷ್ಟರಲ್ಲಿ ಕಪಾಟು ಬೇರೆಯವರ ಪಾಲಾಗಿತ್ತು. ನಾನಾಗಿದ್ದರೆ ಎರಡು ಸಲ ಎಂದಮೇಲೆ ಅಂಗೈ ಎತ್ತಿ ಹಿಡಿಯುತ್ತಿದ್ದೆ. ಇಡೀ ಮಳಿಗೆ ಉಸಿರು ಹಿಡಿದು ನಿಲ್ಲುತ್ತಿತ್ತು. ಮನಸ್ಸು ಮಾಡಲಾಗದವರು ಮನಸ್ಸು ಮಾಡುವುದೆಲ್ಲ ಆ ಹೊತ್ತಿನಲ್ಲೇ. ನನ್ನ ಅನ್ನ ಗಂಟಲಿನಲ್ಲಿದೆ ಎಂದುಕೊಂಡಿದ್ದೆ. ಅದು ಅಂಗೈಯಲ್ಲಿತ್ತು.

ಮನೆಗೆ ಬಂದಾಗ ನಿನ್ನ ಅತ್ತೆ ಎಂದಿನಂತೆ ಶುರು ಮಾಡಿದಳು. ಸ್ಲೇಟು ಮುಟ್ಟಲಿಲ್ಲ, ಅಂಗೈ ಎತ್ತಿ ಅವಳ ಕಣ್ಣಲ್ಲಿ ಕಣ್ಣಿಟ್ಟೆ. ನಿಲ್ಲಿಸಿದಳು! ಈ ಮನೆಯಲ್ಲಿ ಅದು ಇತಿಹಾಸ. ಆಮೇಲೆ ನಾನು ನಿಧಾನವಾಗಿ ಪಿಸುಗುಟ್ಟಿ ನನ್ನ ಮಾತು ಮುಗಿಸಿದೆ.

ಮಗೂ, ನಿನಗೆ ಆ ಭಾಷೆ ಬರುತ್ತದೆ. ಬಾರದ್ದು ಎದುರಿನವರನ್ನು ಕಾಯಿಸುವುದು. ಸಾಧು ತಾನಾಗಿಯೇ ಕಾಯುತ್ತದೆ, ಅದರ ಮುಂದೆ ಕೂತು ಅದನ್ನು ಹೇಗೆ ಕಲಿಯುತ್ತೀ? ನಿಮ್ಮ ಮೇಡಂ ಹಾಕಿದ ಪ್ರಶ್ನೆ ಚಿಹ್ನೆ ಅದೇ ಇರಬೇಕು. ಬೀದಿಗೆ ಹೋಗಿ ಜಗಳ ಮಾಡೆಂದು ಈ ಸಲ ಹೇಳುವುದಿಲ್ಲ. ನಿನಗೆ ಯಾವುದು ಒಗ್ಗುತ್ತದೋ ನೀನೇ ನೋಡು.

ರುಜು ಹಾಕಿದ್ದೇನೆ, ಕಣ್ಣು ತೆರೆದು ನೋಡು ಕತ್ತೆ.

ಮಾವ


ಮೇ 8

ಮಾವ,

ಕತ್ತೆ ಎಂಬ ಒಂದು ಮಾತಿಗೆ ಪತ್ರವನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟೆ. ಬಟ್ಟೆ ಮಡಚುವ ಮೇಜಿನ ಹತ್ತಿರ ಜೊತೆಯವರೆಲ್ಲ ಗಾಬರಿಯಾದರು. ನಿನಗೆ ಪುರುಸೊತ್ತಿಲ್ಲವೆಂದು ಬರೆದೆನಲ್ಲ, ಆ ಸಾಲು ಹರಿದುಹಾಕು. ನಿನ್ನ ದನಿಯ ವಿಷಯ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಹೇಳಿದರೆ ಆ ಸಭ್ಯ ಮಾವನ ಹಾಗೆ ಕೇಳಿಸೀತು. ನನಗೆ ಅದು ತುಂಬ ಇಷ್ಟವಾದ ದನಿಯಾಗಿತ್ತು, ಅಷ್ಟೇ.

ನಿನ್ನ ಪತ್ರ ಬಂದ ಸಂಜೆಯೇ ಮೇಡಂ ಹತ್ತಿರ ಹೋದೆ. ಕೇಳೋಣವೆಂದುಕೊಂಡು ಸುಮ್ಮನಾಗಿದ್ದೆನಲ್ಲ, ಆ ಪ್ರಶ್ನೆ ಚಿಹ್ನೆ ಯಾಕೆಂದು ಕೇಳಿಯೇಬಿಟ್ಟೆ. ಅವರು ನಕ್ಕರು. "ನೀವೇ ಬಂದು ಕೇಳ್ತೀರಿ ಅಂತ ಕಾಯ್ತಾ ಇದ್ದೆ. ಇಲ್ಲಿ ಎಲ್ಲರ ಹತ್ರ ಇರೋದೂ ಅದೇ ಯಂತ್ರ. ನೀವು ಅದರ ಮುಂದೆ ಸುಮ್ನೆ ಕೂತ್ರಿ, ವೆಲ್ಡರ್ ಜಗಳ ಆಡಿದ. ಇಬ್ಬರೂ ನಿಮಗೆ ಮೊದಲೇ ಬರ್ತಾ ಇದ್ದಿದ್ದನ್ನೇ ಅಭ್ಯಾಸ ಮಾಡಿದ್ರಿ" ಎಂದರು. ಮುಖಕ್ಕೆ ತಣ್ಣೀರು ಎರಚಿದಂತಾಯಿತು.

ಮನೆಗೆ ಬಂದು ಸಾಧುವಿಗೆ ಹೇಳಿದೆ, ಇನ್ನು ಮೇಲೆ ನೀನು ಆತುರದ ಡಾಕ್ಟರು, ನನ್ನ ಮಾತಿನ ನಡುವೆ ಬಾಯಿ ಹಾಕಬೇಕು, ತಪ್ಪು ಔಷಧಿ ಹೇಳಬೇಕು, ನಾನು ತಡೆದರೆ ಮಾತ್ರ ನಿಲ್ಲಬೇಕು. ಮೊದಲ ದಿನ ಪ್ರತಿ ಸಲ ಬಾಯಿ ಹಾಕಿದಮೇಲೂ ಅದು "ಕ್ಷಮಿಸಿ" ಅನ್ನುತ್ತಿತ್ತು. ಯಾವ ಡಾಕ್ಟರು ನರ್ಸಿಗೆ ಕ್ಷಮಿಸಿ ಎಂದಿದ್ದಾರೆ ಮಾವ? ಅದನ್ನೂ ಬಿಡಿಸಿದೆ. ಈಗ ಒಳ್ಳೆಯ ಒರಟನಾಗಿದೆ. ಬಾಗಿಲು ಮುಚ್ಚಿಕೊಂಡು, ಯಾರೂ ನೋಡದ ಕಡೆ ಒರಟನೊಬ್ಬನನ್ನು ತಡೆದು ಅಭ್ಯಾಸ ಮಾಡುವುದು, ಅದು ನನಗೆ ಒಗ್ಗುವ ಮದ್ದು. ಬೀದಿಯಲ್ಲಿ ಶುರು ಮಾಡಿದ್ದರೆ ಸತ್ತೇ ಹೋಗುತ್ತಿದ್ದೆ.

ಆದರೂ ಅದೊಂದೇ ಸಾಲದು, ಯಾಕೆಂದರೆ ಯಂತ್ರ ನಾನು ಹೇಳಿದ್ದಕ್ಕೆ ಒರಟಾಗುತ್ತದೆ. ಹೇಳದೆಯೇ ಒರಟಾಗಿರುವವನು ನಮ್ಮ ತರಗತಿಯಲ್ಲಿ ಒಬ್ಬನಿದ್ದಾನಲ್ಲ! ವೆಲ್ಡರಿನ ತೊಂದರೆ ನನ್ನದರ ತಿರುವುಮುರುವು. ಅವನು ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ. ಮೇಸ್ತ್ರಿ ಹೇಳಿದ್ದನ್ನು ಅರ್ಧಕ್ಕೇ ಕೇಳಿ ಒಂದು ಗೇಟನ್ನು ತಲೆಕೆಳಗಾಗಿ ಬೆಸೆದಿದ್ದಾನಂತೆ. ಈಗ ಬಿಡುವಿನಲ್ಲಿ ಅವನು ಡಾಕ್ಟರು, ನಾನು ನರ್ಸು. ಅವನು ಬಾಯಿ ಹಾಕುತ್ತಾನೆ, ನಾನು ಅಂಗೈ ಎತ್ತುತ್ತೇನೆ, ಅವನು ತುಟಿ ಕಚ್ಚಿಕೊಂಡು ನಿಲ್ಲಬೇಕು. ಪಾಪ, ನನಗೆ ಮಾತಾಡುವುದು ಎಷ್ಟು ಕಷ್ಟವೋ ಅವನಿಗೆ ಸುಮ್ಮನಿರುವುದು ಅಷ್ಟೇ ಕಷ್ಟ. ಮೊನ್ನೆ ತಡೆದೂ ತಡೆದೂ ಅವನ ಮುಖ ಕೆಂಪಾಯಿತು, ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ನಿನ್ನೆ ಔಷಧಿ ಅಂಗಡಿಗೆ ಹೋದೆ. ಈ ಸಲವೂ ಹಿಂದಿದ್ದವನೊಬ್ಬ ಚೀಟಿ ಚಾಚಿದ. ಅಂಗೈ ಎತ್ತಿದೆ. ಮಾತು ಬರಲಿಲ್ಲ, ಆದರೆ ಪಕ್ಕಕ್ಕೆ ಸರಿಯಲೂ ಇಲ್ಲ. ಅವನೇ ಕಾದ.

ಒಂದು ಪ್ರಶ್ನೆ ಮಾವ. ಅನ್ನ ಅಂಗೈಯಲ್ಲಿದೆ ಎಂದು ನನಗೆ ಬರೆದೆಯಲ್ಲ, ನಿನ್ನ ಯಜಮಾನನಿಗೆ ಹೇಳಿದೆಯಾ?

ನಿನ್ನ ಮೌನಗೌರಿ


ಮೇ 30

ಮೌನಗೌರಿಗೆ,

ಹೇಳಿರಲಿಲ್ಲ. ನಿನ್ನ ಪ್ರಶ್ನೆ ಓದಿ ನಾಚಿಕೆಯಾಗಿ ಮಳಿಗೆಗೆ ಹೋದೆ. ಯಜಮಾನ ಫೋನಿನಲ್ಲಿದ್ದ, ಕೂರು ಎಂದು ಕೈಸನ್ನೆ ಮಾಡಿದ. ಕೂರಲಿಲ್ಲ. ಅವನ ಎದುರು ನಿಂತು ಅಂಗೈ ಎತ್ತಿದೆ. ಅವನು ಫೋನಿಟ್ಟು ಕೇಳಿದ.

ಈಗ ಹೀಗೆ ನಡೆಯುತ್ತಿದೆ. ಬೆಲೆ ಕೂಗುವುದು ಯಂತ್ರ, ಅದರ ಗಂಟಲಿಗೆ ದಣಿವಿಲ್ಲ. ನಾನು ಸುತ್ತಿಗೆ ಹಿಡಿದು ಕಟ್ಟೆಯ ಮೇಲೆ ನಿಲ್ಲುತ್ತೇನೆ. ಎರಡು ಸಲ ಎಂದು ಅದು ಕೂಗಿದ ಮೇಲೆ ಗುಮಾಸ್ತ ಗುಂಡಿಯಿಂದ ಕೈ ತೆಗೆಯುತ್ತಾನೆ. ಅಲ್ಲಿಂದಾಚೆ ನಾನು. ಅಂಗೈ ಎತ್ತುತ್ತೇನೆ, ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ. ಮೂರು ಸಲ ಎಂಬುದನ್ನು ನಾನೇ ಹೇಳುತ್ತೇನೆ. ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸುತ್ತದೆ, ಹಿಂದಿನವರು ಸುತ್ತಿಗೆ ನೋಡಿ ತಿಳಿದುಕೊಳ್ಳುತ್ತಾರೆ. ಎರಡನೇ ವಾರಕ್ಕೆ ಒಬ್ಬ ಮುದುಕ ಬಂದು, "ನೀವು ಹಿಂದೆ ಕೂಗ್ತಾ ಇದ್ದಾಗ ನನಗೆ ಭಯ ಆಗ್ತಿತ್ತು, ಈಗ ಧೈರ್ಯವಾಗಿ ಕೈ ಎತ್ತಬಹುದು" ಎಂದ. ಹೊಗಳಿದನೋ ತೆಗಳಿದನೋ, ದೇವರೇ ಬಲ್ಲ.

ಒಂದೇ ಬೇಜಾರು. ಫೋನಿನಲ್ಲಿ ನನ್ನ ಆಟ ನಡೆಯುವುದಿಲ್ಲ. ಅಂಗೈ ಕಾಣುವುದಿಲ್ಲವಲ್ಲ. ಒಂದು ಮಾತಿಗೆ ಒಂದು ಉಸಿರು ಬೇಕು, ಅಷ್ಟರಲ್ಲಿ ಆ ಕಡೆಯವರು ಹಲೋ ಹಲೋ ಎಂದು ಕಟ್ ಮಾಡುತ್ತಾರೆ. ಆದ್ದರಿಂದ ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ಫೋನಿಗೆ ಕಾಯಬೇಡ. ಏನಾಯಿತೆಂದು ಬರೆದು ತಿಳಿಸು. ಪಾಸಾದರೂ ಬರೆ, ಫೇಲಾದರೂ ಬರೆ. ಎರಡಕ್ಕೂ ಬೈಗುಳ ತಯಾರಿದೆ.

ನಿನ್ನ ಮಾಜಿ ಕೂಗುಮಾರಿ


ಜೂನ್ 17

ಕೂಗುಮಾರಿ ಮಾವನಿಗೆ,

ಮಾಜಿ ಗೀಜಿ ಎಲ್ಲ ಬೇಡ. ಕೂಗುಮಾರಿ ಎಂದೇ ಕರೆಯುತ್ತೇನೆ.

ಅದೇ ಕೋಣೆ, ಅದೇ ಮೇಜು, ಅದೇ ಫೋನು. ರೋಗಿ ಬೇರೆ. ಈ ಸಲ ವಯಸ್ಸಾದ ಹೆಂಗಸು, ಉಸಿರಾಟದ ತೊಂದರೆ. ಶುರುವಿನಲ್ಲೇ ಎರಡು ತಪ್ಪು ಮಾಡಿದೆ, ಅದು ನನಗೇ ಗೊತ್ತಾಯಿತು. ಮೂರನೇ ವಾಕ್ಯಕ್ಕೆ ಡಾಕ್ಟರು ಬಾಯಿ ಹಾಕಿದರು. "ಸರಿ ಸರಿ, ಮಲಗಿಸಿ, ನಿದ್ದೆಗೆ ಮಾತ್ರೆ ಕೊಡಿ." ಆ ಹೆಂಗಸಿಗೆ ನಿದ್ದೆಯ ಮಾತ್ರೆ ಕೊಟ್ಟರೆ ಉಸಿರೇ ನಿಂತೀತು. ಮೊದಲು ಏನಾಯಿತೆಂದರೆ, ಪಕ್ಕಕ್ಕೆ ಸರಿಯುವ ಹಳೆಯ ಅಭ್ಯಾಸಕ್ಕೆ ಕುರ್ಚಿಯಲ್ಲೇ ಸರಿದೆ. ಆಮೇಲೆ ನನ್ನ ಬಲಗೈ ಎದ್ದಿತು.

ಫೋನಿನ ಮುಂದೆ ಅಂಗೈ ಎತ್ತಿಕೊಂಡು ಕೂತಿದ್ದೇನೆ ಮಾವ! ಪಕ್ಕದ ಕೋಣೆಯಲ್ಲಿರುವವರಿಗೆ ಅದು ಹೇಗೆ ಕಾಣಬೇಕು? ಆದರೆ ನನಗೆ ಕಂಡಿತು. ಕಂಡಕೂಡಲೇ ಬಾಯಿ ತೆರೆಯಿತು. "ಸ್ವಲ್ಪ ತಡೀರಿ ಡಾಕ್ಟ್ರೇ. ನಾನಿನ್ನೂ ಮುಗಿಸಿಲ್ಲ. ಮುಖ್ಯವಾದದ್ದು ಈಗ ಹೇಳ್ತೀನಿ" ಎಂದೆ. ಆ ಕಡೆ ಸದ್ದಿಲ್ಲ. ಕಟ್ ಮಾಡಿದರೋ ಎಂದುಕೊಂಡೆ. ಇಲ್ಲ, ಅವರು ಕಾಯುತ್ತಿದ್ದರು. ನಾನು ಅವಸರ ಮಾಡದೆ ಒಂದು ಉಸಿರು ತೆಗೆದುಕೊಂಡು ಪೂರ್ತಿ ಹೇಳಿದೆ.

ಆಮೇಲೆ ಪರೀಕ್ಷಕರು ಎದ್ದು ಬಂದು ಏನು ಹೇಳಿದರು ಗೊತ್ತೇ? "ಹೋದ ಸಲಕ್ಕಿಂತ ತಪ್ಪು ಜಾಸ್ತಿ ಮಾಡಿದ್ರಿ. ಆದ್ರೆ ನಿಮ್ಮ ರೋಗಿ ಬದುಕಿದ್ದಾರೆ."

ಪಾಸಾದೆ. ಮುಂದಿನ ತಿಂಗಳಿಂದ ವಾರ್ಡು. ನೆಲಮಾಳಿಗೆಯವರೆಲ್ಲ ಸೇರಿ ಬಿಸಿ ಬಿಸಿ ಬಟ್ಟೆಯ ರಾಶಿಯ ಮೇಲೆ ನನ್ನನ್ನು ಕೂರಿಸಿ ಚಪ್ಪಾಳೆ ಹೊಡೆದರು. ವೆಲ್ಡರಿಗೆ ಹೇಳಿದಾಗ ಅವನು ನಾನು ಮುಗಿಸುವವರೆಗೂ ಕೇಳಿ, ಆಮೇಲೆ ಕಿರುಚಿದ.

ಇದನ್ನೆಲ್ಲ ಬರೆದು ತಿಳಿಸು ಎಂದೆ, ಬರೆದೆ. ಇನ್ನು ನನ್ನ ಅಪ್ಪಣೆ ಕೇಳು. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಾನು ಫೋನ್ ಮಾಡುತ್ತೇನೆ. ಅತ್ತೆಯ ಕೈಗೆ ಕೊಡದೆ ನೀನೇ ಎತ್ತು. ಬೈಗುಳ ತಯಾರಿದೆ ಎಂದಿದ್ದೀಯಲ್ಲ, ಅದನ್ನು ನನಗೆ ಪತ್ರದಲ್ಲಿ ಬೇಡ, ಕಿವಿಯಲ್ಲಿ ಬೇಕು. ಒಂದು ಮಾತಿಗೆ ಒಂದು ಉಸಿರು ಬೇಕೆಂದರೆ ತೆಗೆದುಕೋ. ನಾನು ಹಲೋ ಹಲೋ ಅನ್ನುವುದಿಲ್ಲ, ಕಟ್ ಮಾಡುವುದಿಲ್ಲ. ನೀನು ಅಂಗೈ ಎತ್ತಿದ್ದೀಯೆಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ.

ಸಾಧುವೂ ಕಾಯುತ್ತದೆ ನಿಜ. ಆದರೆ ಅದಕ್ಕೆ ಬೇರೆ ಕೆಲಸವಿಲ್ಲ. ನನಗೆ ಇನ್ನು ಮೇಲೆ ಬೆಟ್ಟದಷ್ಟು ಕೆಲಸವಿದೆ ಮಾವ, ಆದರೂ ಕಾಯುತ್ತೇನೆ.

ನಿನ್ನ ಮೌನಗೌರಿ